ಡೇರೆ ಕಣ್ಣಿಗೆ ಬಿದ್ದಾಗ ಹುಷಾರು!

ಅಮೆರಿಕದಲ್ಲಿರುವ ನಮ್ಮ ಓಟಗಾರ ಮಿತ್ರರಲ್ಲಿ ಹಾವಲೀನಾ ಹಂಡ್ರೆಡ್‌ಗೆ ಹೆಸರು ಕೊಡುವ ಯೋಚನೆ ಯಾರಿಗಾದರೂ ಇದ್ದರೆ, ಒಂದೆರಡು ಮಾತು ಕೇಳಿಸಿಕೊಳ್ಳಿ. ಅರಿಜೋನಾದ ಫೀನಿಕ್ಸ್ ಬಳಿಯ ಮರಳುಗಾಡಿನಲ್ಲಿ ಅಕ್ಟೋಬರ್ ಕೊನೆಗೆ ನಡೆಯುವ ಓಟವಿದು. 100 ಮೈಲಿಗೆ ಐದು ಸುತ್ತು, 100 ಕಿಲೋಮೀಟರಿಗೆ ಮೂರು, 31 ಕಿಲೋಮೀಟರಿನ ರಾತ್ರಿ ಓಟಕ್ಕೆ ಒಂದೇ ಸುತ್ತು. 100 ಮೈಲಿ ಮುಗಿಸಲು 30 ಗಂಟೆ ಗಡುವು.

ಮೊದಲ ಸುತ್ತಿನಲ್ಲಿ ಕಾಲು ಹಗುರ, ಗಾಳಿ ತಂಪು. ಆ ಹುರುಪಿಗೆ ಮರುಳಾಗಬೇಡಿ. ಮಧ್ಯಾಹ್ನದ ಬಿಸಿಲು ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಟೋಪಿಯೊಳಗೆ, ಕತ್ತಿನ ಬಟ್ಟೆಯಲ್ಲಿ ಐಸ್ ತುಂಬಿಕೊಳ್ಳಿ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದೀತು. ಜತೆಗೆ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆಯೂ ಇರಲಿ. ಜೇಬಿನಲ್ಲೊಂದು ಬಾಚಣಿಗೆ ಇಟ್ಟುಕೊಳ್ಳಿ, ತಲೆಗಲ್ಲ! ಚೋಯಾ ಕಳ್ಳಿಯ ಕೊಕ್ಕೆಮುಳ್ಳಿನ ಉಂಡೆ ಮೀನಖಂಡಕ್ಕೆ ಅಂಟಿಕೊಂಡರೆ ಕೈಯಿಂದ ಕೀಳಬಾರದು. ಬಾಚಣಿಗೆ ತೂರಿಸಿ ಒಮ್ಮೆಲೇ ಎಬ್ಬಿಸಬೇಕು.

ಪ್ರತಿ ಸುತ್ತು ಮುಗಿದಾಗಲೂ ಶಿಬಿರ ಎದುರಾಗುತ್ತದೆ. ನಿಮ್ಮದೇ ಡೇರೆ, ಮಡಚುವ ಕುರ್ಚಿ, ಬಿಸಿ ಸೂಪು. ಅಲ್ಲಿ ಕೂತರೆ ಏಳುವುದು ಕಷ್ಟ. ಒಣ ಕಾಲುಚೀಲ, ತಲೆದೀಪ, ರಾತ್ರಿಯ ಚಳಿಗೆ ಜಾಕೆಟ್ ಎಲ್ಲವನ್ನೂ ಸುತ್ತಿಗೊಂದು ಚೀಲದಂತೆ ಮೊದಲೇ ಜೋಡಿಸಿಡಿ. ನಿಂತಲ್ಲೇ ಎತ್ತಿಕೊಂಡು ಹೊರಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚಿ. ಮೊದಲ ಸಲವಾದರೆ ಒಂದೇ ಸುತ್ತಿನ ರಾತ್ರಿ ಓಟ ಸಾಕು. ಐದು ಸುತ್ತಿನ ಆಸೆ ಮುಂದಿನ ವರ್ಷಕ್ಕಿರಲಿ.