ಜರ್ಮನಿಯ ಆಫರ್ ಬಂದಿದೆಯೇ? ಮೊದಲು ಮನೆಯ ಲೆಕ್ಕ ಬರೆಯಿರಿ

ಮ್ಯೂನಿಕ್‌ನಿಂದ ವರ್ಷಕ್ಕೆ 60,000 ಯೂರೋ ಸಂಬಳದ ಆಫರ್ ಬಂತೆಂದರೆ ಬೆಂಗಳೂರಿನ ಮನೆಯಲ್ಲಿ ಎಲ್ಲರೂ ಮೊದಲು ಮಾಡುವುದು ಗುಣಾಕಾರ. ಯೂರೋ ನೂರು ರೂಪಾಯಿಯ ಆಸುಪಾಸಿನಲ್ಲಿರುವಾಗ ಉತ್ತರ 60 ಲಕ್ಷ. ಈ ಒಂದು ಅಂಕಿಯನ್ನು ನಂಬಿ ಗಂಟುಮೂಟೆ ಕಟ್ಟಬೇಡಿ. ಗಂಡ ಹೆಂಡತಿ ಇಬ್ಬರೂ ಕೂತು, ಅಲ್ಲಿಗೊಂದು ಇಲ್ಲಿಗೊಂದು ಕಾಲಂ ಎಳೆದು, ಒಂದು ತಿಂಗಳ ಬದುಕನ್ನು ಬರೆಯಿರಿ.

ಮೊದಲು ಕೈಗೆ ಬರುವ ಹಣ. ಜರ್ಮನಿಯಲ್ಲಿ ಒಟ್ಟು ಸಂಬಳಕ್ಕೆ ‘ಬ್ರುಟ್ಟೊ’, ಕಡಿತದ ನಂತರ ಉಳಿಯುವುದಕ್ಕೆ ‘ನೆಟ್ಟೊ’ ಎನ್ನುತ್ತಾರೆ. ಆದಾಯ ತೆರಿಗೆಯ ಜೊತೆಗೆ ಪಿಂಚಣಿ, ಆರೋಗ್ಯ, ನಿರುದ್ಯೋಗ ಮತ್ತು ಆರೈಕೆ ವಿಮೆಯ ಕಂತುಗಳು ಹೋಗಿ, ಮದುವೆಯಾಗದವರಿಗೆ ತಿಂಗಳ 5,000 ಯೂರೋದಲ್ಲಿ ಸುಮಾರು 3,100ರಿಂದ 3,200 ಉಳಿಯುತ್ತದೆ. ಸಂಗಾತಿ ದುಡಿಯದಿದ್ದರೆ ತೆರಿಗೆ ವರ್ಗ ಬದಲಾಗಿ ಇನ್ನಷ್ಟು ಸಿಗುತ್ತದೆ.

ಎರಡನೆಯದು ವಿನಿಮಯ ದರ. ಹೆಚ್ಚಿನವರು ಎಡವುವುದು ಇಲ್ಲೇ. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಅಲ್ಲಿನ ಒಂದು ಯೂರೋ ಇಲ್ಲಿನ ಸುಮಾರು 30 ರೂಪಾಯಿಗೆ ಸಮ. ಹಾಗಾಗಿ ಅಲ್ಲೇ ಖರ್ಚಾಗುವ ಯೂರೋವನ್ನು 30ರಿಂದ ಗುಣಿಸಿ, ಉಳಿಸಿ ಊರಿಗೆ ಕಳಿಸುವ ಯೂರೋವನ್ನು ಮಾತ್ರ ನೂರರಿಂದ. ಈ 30 ಕೂಡ ಇಡೀ ದೇಶದ ಸರಾಸರಿ, ಮ್ಯೂನಿಕ್ ಬಾಡಿಗೆ ಸರಾಸರಿಗಿಂತ ಬಹಳ ಮೇಲೆ. ಜಾಹೀರಾತಿನ ‘ಕಾಲ್ಟ್‌ಮೀಟೆ’ ಬರೀ ಗೋಡೆಗಳ ಬಾಡಿಗೆ. ಬಿಸಿ ಮಾಡುವ ವೆಚ್ಚ, ನಿರ್ವಹಣೆ ಸೇರಿದ ‘ವಾರ್ಮ್‌ಮೀಟೆ’ಯನ್ನೇ ಕಾಲಂನಲ್ಲಿ ಬರೆಯಿರಿ. ಮೂರು ತಿಂಗಳ ಬಾಡಿಗೆಯವರೆಗೂ ಅಡ್ವಾನ್ಸ್ ಕೇಳಬಹುದು. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕಪಾಟು, ಒಲೆ ಕೂಡ ಇರುವುದಿಲ್ಲ.

ಕಡಿತವಾದ ಹಣವೆಲ್ಲ ನಷ್ಟವಲ್ಲ ಎಂಬುದನ್ನೂ ಬರೆದುಕೊಳ್ಳಿ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ದುಡಿಯದ ಸಂಗಾತಿಗೂ ಮಕ್ಕಳಿಗೂ ಬೇರೆ ಕಂತಿಲ್ಲ. ಸರ್ಕಾರಿ ಶಾಲೆಗೆ ಫೀಸಿಲ್ಲ, ಜರ್ಮನಿಯ ಬಹುಪಾಲು ಮಕ್ಕಳು ಓದುವುದು ಇಂಥ ಶಾಲೆಗಳಲ್ಲೇ. ಮಗುವಿಗೆ ತಿಂಗಳ ಭತ್ಯೆ 2025ರಲ್ಲಿ 255 ಯೂರೋ ಇತ್ತು. ಇದರ ಎದುರಿಗೆ ಬೆಂಗಳೂರಿನ ಶಾಲಾ ಫೀಸು, ವ್ಯಾನು, ಟ್ಯೂಷನ್, ವಿಮೆಯ ಪ್ರೀಮಿಯಂ ಇಟ್ಟು ನೋಡಿ. ಅಡುಗೆಯವರು, ಮನೆಗೆಲಸದವರು ಇಲ್ಲದ ಬದುಕಿನ ದಣಿವನ್ನೂ ಸೇರಿಸಿ.

ಸಮಯವೂ ಸಂಬಳವೇ. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ರಜೆ ಕೊಡಲೇಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಔಟರ್ ರಿಂಗ್ ರೋಡಿನಲ್ಲಿ ನೀವು ದಿನಕ್ಕೆ ಕಳೆಯುವ ಗಂಟೆಗಳನ್ನು ಪಕ್ಕದಲ್ಲಿ ಬರೆಯಿರಿ.

ಇನ್ನು ದೇಶಗಳ ಸೂಚ್ಯಂಕ. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಿ ಜರ್ಮನಿ 5ನೇ ಸ್ಥಾನ, ಭಾರತ 130. ಅದು ದೇಶದ ಆಯಸ್ಸು, ಶಿಕ್ಷಣ, ಆದಾಯದ ಸರಾಸರಿ. ಬೆಂಗಳೂರಿನ ಐಟಿ ಕುಟುಂಬದ ಆಯ್ಕೆಗೆ ಅದು ದಾರಿ ತೋರದು.

ಯಾವ ಸೂಚ್ಯಂಕದಲ್ಲೂ ಸಿಗದ ಎರಡು ಸಾಲುಗಳಿವೆ. ಒಂದು, ಸಂಗಾತಿಯ ಕೆಲಸ. ‘ಬ್ಲೂ ಕಾರ್ಡ್’ ಎಂಬ ಉದ್ಯೋಗ ಪರವಾನಗಿ ಪಡೆದವರ ಸಂಗಾತಿಗೆ ದುಡಿಯುವ ಅನುಮತಿ ಇದೆ. ಆದರೆ ವೈದ್ಯರಿಗೆ, ಶಿಕ್ಷಕರಿಗೆ ಪದವಿಯ ಮಾನ್ಯತೆ, ಜರ್ಮನ್ ಭಾಷೆ ಎರಡೂ ಬೇಕು. ಇದಕ್ಕೆ ವರ್ಷಗಳೇ ಹಿಡಿಯಬಹುದು. ಇನ್ನೊಂದು, ಊರಲ್ಲಿ ಉಳಿಯುವ ಅಪ್ಪ ಅಮ್ಮ. ಭೇಟಿ ವೀಸಾದಲ್ಲಿ ಬಂದರೆ 180 ದಿನಗಳಲ್ಲಿ 90 ದಿನವಷ್ಟೇ ಇರಬಹುದು. ರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ನೋಡಿಕೊಳ್ಳುವವರಿಗೆ ತಿಂಗಳಿಗೆಷ್ಟು, ತುರ್ತಾಗಿ ಹಾರಿಬರಲು ಎಷ್ಟು, ಎಲ್ಲವನ್ನೂ ಅಂಕಿಯಲ್ಲಿ ಬರೆಯಿರಿ.

ಸಾಧ್ಯವಾದರೆ ಡಿಸೆಂಬರಿನಲ್ಲೊಮ್ಮೆ ಹೋಗಿ ನೋಡಿ. ಬರ್ಲಿನ್‌ನಲ್ಲಿ ಆಗ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಈ ಲೆಕ್ಕವನ್ನು ಅಪ್ಪ ಅಮ್ಮನ ಎದುರಿಗೇ ಓದಿ ಹೇಳಿ, ಅವರ ಮಾತನ್ನೂ ಕೇಳಿಸಿಕೊಳ್ಳಿ. ಅವರ ಸಾಲು ಖಾಲಿ ಇರುವಾಗ ಒಪ್ಪಂದಕ್ಕೆ ಸಹಿ ಹಾಕಬೇಡಿ.