ಬಂಡೂರು ಕುರಿ

ಕುಣಿಗಲ್ ಅಂದರೆ ಕುದುರೆ ನೆನಪಾಗುತ್ತದೆ. ಈ ಪಾಠ ಕುರಿಯದು.

ನಮ್ಮ ರಾತ್ರಿ ತರಗತಿಗೆ ಗುಬ್ಬಿ ಕಡೆಯ ಒಬ್ಬ ಅಕ್ಕ ಬರುತ್ತಾರೆ. ಕೂಲಿ ಮಾಡುವವರು. ಸಂಘದಲ್ಲಿ ಸಾಲ ತೆಗೆದರು. ಸಂತೆಗೆ ಹೋದರು. "ಬಂಡೂರು ಕುರಿ ಕಣಮ್ಮ" ಅಂದ ದಲ್ಲಾಳಿ. ನಾಲ್ಕು ಕುರಿ ಬರುವ ದುಡ್ಡಿಗೆ ಎರಡೇ ಕುರಿ ತಂದರು. ಪಕ್ಕದ ಮನೆ ಅಜ್ಜ ನೋಡಿದರು. "ಉದ್ದ ಕಾಲು, ಉದ್ದ ಕತ್ತು. ಇದು ಬೆರಕೆ ಕಣವ್ವ" ಅಂದರು. ಅಕ್ಕ ಅತ್ತರು. ಕುರಿ ಬೆರಕೆ ಆದರೂ ಸಾಲ ಪೂರ್ತಿ ತೀರಿಸಬೇಕಲ್ಲ!

"ಮೇಷ್ಟ್ರೇ, ಅಸಲಿ ಹೆಂಗಿರ್ತದೆ ಅಂತ ಬರ್ಕೊಡಿ. ನಾನೇ ಓದ್ಕೊಂಡು ನೋಡ್ತೀನಿ" ಅಂದರು.

ಬಂಡೂರು ಒಂದು ಹಳ್ಳಿ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನಲ್ಲಿದೆ. ಕುರಿಗೆ ಆ ಊರಿನ ಹೆಸರೇ ಬಂತು. ಬನ್ನೂರು ಕುರಿ ಅಂತಲೂ ಕರೆಯುತ್ತಾರೆ. ಪುಸ್ತಕದಲ್ಲಿ ಇದು ಮಂಡ್ಯ ತಳಿ.

ಕುರಿ ಗಿಡ್ಡ. ಕಾಲು ಮೋಟು. ಕತ್ತು ಚಿಕ್ಕದು, ದಪ್ಪ. ಮೈ ಬಿಳಿ. ಕೆಲವಕ್ಕೆ ಮುಖ ತಿಳಿ ಕಂದು. ಕೊಂಬು ಇರುವುದಿಲ್ಲ. ಹಿಂದೆ ನಿಂತು ನೋಡಿ. ತೊಡೆ ತುಂಬಿಕೊಂಡು, ಬೋರಲು ಹಾಕಿದ ಲಾಳದ ಹಾಗೆ ಕಾಣಬೇಕು. ಇದೇ ದೊಡ್ಡ ಗುರುತು. ಬೆಳೆದ ಟಗರು ಸುಮಾರು 35 ಕಿಲೋ. ಹೆಣ್ಣು ಕುರಿ 25 ಕಿಲೋ ಆಸುಪಾಸು.

ಮಾಂಸ ಮೆತ್ತಗೆ, ರುಚಿ. ಅದಕ್ಕೇ ಬೆಲೆ ಹೆಚ್ಚು. ಬೆಲೆ ಹೆಚ್ಚು ಅಂತಲೇ ಮೋಸವೂ ಹೆಚ್ಚು. ಬೆರಕೆ ಆಗಿ ಆಗಿ ಅಸಲಿ ತಳಿ ಕಡಿಮೆಯಾಗಿದೆ. ತಳಿ ಉಳಿಸಲು ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರ ಇದೆ.

ನಾಲ್ಕೈದು ಕುರಿಯನ್ನು ಹಿತ್ತಲಲ್ಲೇ ಸಾಕಬಹುದು. ಬದುವಿನ ಹುಲ್ಲು, ಅಗಸೆ ಸೊಪ್ಪು, ಹುರುಳಿ ಹೊಟ್ಟು ಸಾಕು. ಸೂಲಿಗೆ ಒಂದೇ ಮರಿ. ಅವಳಿ ಅಪರೂಪ. ಹೆಚ್ಚು ಮರಿ ಆಸೆ ತೋರಿಸಿದರೆ ನಂಬಬೇಡಿ. ಉಣ್ಣೆ ಒರಟು, ಅದರಿಂದ ದುಡ್ಡು ಹುಟ್ಟುವುದಿಲ್ಲ.

ಮಳೆ ಬಿದ್ದು ಎಳೆ ಹುಲ್ಲು ಎದ್ದಾಗ ಹುಷಾರು. ಹಸಿದ ಕುರಿ ಒಂದೇ ಸಲ ಹೊಟ್ಟೆ ಬಿರಿಯೆ ಮೇಯುತ್ತದೆ. ಕರುಳು ಬೇನೆ ಬರುತ್ತದೆ. ಸಂಜೆ ಚೆನ್ನಾಗಿದ್ದ ಕುರಿ ಬೆಳಿಗ್ಗೆಗೆ ಸತ್ತಿರುತ್ತದೆ. ಮಳೆಗಾಲಕ್ಕೆ ಮೊದಲೇ ಪಶು ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿ. ನೀಲಿ ನಾಲಿಗೆ ರೋಗಕ್ಕೂ ಕೇಳಿ ಹಾಕಿಸಿ. ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಿ. ಅಪ್ಪ ಮಗಳು ಕೂಡಿದರೆ ಮರಿ ಸೊರಗುತ್ತದೆ.

ಅಕ್ಕ ಬೆರಕೆ ಕುರಿ ಮಾರಲಿಲ್ಲ. ಅವಕ್ಕೂ ಹೊಟ್ಟೆ ಇದೆ ಅಂದರು. ಈಗ ಟಗರು ಬಿಟ್ಟ ದಿನವನ್ನು ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಬರೆಯುತ್ತಾರೆ. ಕುರಿಯ ಗಬ್ಬ ಐದು ತಿಂಗಳು.

ಲೆಕ್ಕ ಹಾಕಿ: ಗೋಡೆಯಲ್ಲಿ "ಜೂನ್ 10" ಅಂತಿದೆ. ಮರಿ ಯಾವ ತಿಂಗಳಲ್ಲಿ?