ಬೇಲಿಯ ಟಕ್ಕು, ಫಿಲ್ಟರಿನ ಟ್ರಿಂಯ್

ಚೆಟ್ಟಳ್ಳಿಯ ನಮ್ಮ ತೋಟದ ಮನೆಯಲ್ಲಿ ರೇಡಿಯೊ ಹಚ್ಚಿದರೆ ಮೊದಲು ಕೇಳುವುದು ಮನುಷ್ಯರ ದನಿಯಲ್ಲ, ಆನೆಬೇಲಿಯ ದನಿ. ಸೋಲಾರ್ ಬೇಲಿಯ ಯಂತ್ರ ಹೆಚ್ಚುಕಮ್ಮಿ ಸೆಕೆಂಡಿಗೊಮ್ಮೆ ತಂತಿಗೆ ಏಟು ಕೊಡುತ್ತದೆ. ಮಳೆಗಾಲದಲ್ಲಿ ಬಳ್ಳಿ ಹಬ್ಬಿ ತಂತಿಗೆ ತಾಗಿ ಕಿಡಿ ಹಾರಿತೋ, ಪ್ರತಿ ಏಟೂ 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಟಕ್ ಟಕ್ ಎನ್ನುತ್ತದೆ.

ಹ್ಯಾಮ್ ಲೈಸೆನ್ಸ್ ಸಿಕ್ಕ ಹೊಸತರಲ್ಲಿ, ರಿಸೀವರಿನ ಫಿಲ್ಟರ್ ಕಿರಿದಾದಷ್ಟೂ ಒಳ್ಳೆಯದೆಂಬ ಹುಚ್ಚು ನನಗಿತ್ತು. ಲೆಕ್ಕವೂ ನನ್ನ ಕಡೆಗೇ ಇತ್ತು. 2.4 ಕಿಲೋಹರ್ಟ್ಸ್‌ನಿಂದ 250 ಹರ್ಟ್ಸ್‌ಗೆ ಇಳಿದರೆ ಒಳಬರುವ ಗದ್ದಲ ಸುಮಾರು 10 ಡೆಸಿಬೆಲ್, ಅಂದರೆ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಮೋರ್ಸ್‌ಗೆ ಅಷ್ಟು ಜಾಗ ಧಾರಾಳ. 250 ಹಾಕಿ ಕೂತೆ. ಟಕ್ ಎನ್ನುತ್ತಿದ್ದ ಬೇಲಿ ಟ್ರಿಂಯ್ ಎಂದು ಎಳೆಯತೊಡಗಿತು! ಕಿರಿದಾದ ಫಿಲ್ಟರಿನದು ದೇವಸ್ಥಾನದ ಗಂಟೆಯ ಸ್ವಭಾವ. ಒಂದು ಏಟು ಬಿದ್ದರೆ ನಾದ ತಕ್ಷಣ ನಿಲ್ಲದು. ಮೋರ್ಸ್‌ನ ಡಿಟ್ ಯಾವುದು, ಬೇಲಿ ಯಾವುದು ತಿಳಿಯದೆ ಎಷ್ಟೋ ಕಾಲ್‌ಸೈನ್‌ಗಳನ್ನು ತಪ್ಪು ಬರೆದುಕೊಂಡೆ.

ಈಗ ಅಂಥ ದಿನ 500ಕ್ಕೆ ಅಗಲಿಸಿ ನಾಯ್ಸ್ ಬ್ಲ್ಯಾಂಕರ್ ಒತ್ತುತ್ತೇನೆ. ಅದು ಕಿರಿದಾದ ಫಿಲ್ಟರಿಗಿಂತ ಮುಂಚೆ ಕೂತಿರಬೇಕು. ಏಟು ಇನ್ನೂ ಚೂಪಾಗಿರುವಾಗಲೇ ಕತ್ತರಿಸಬೇಕು, ಹಿಗ್ಗಿದ ಮೇಲೆ ಕತ್ತರಿಸಲು ಹೋದರೆ ಸಂಕೇತವೂ ಜತೆಗೆ ಹೋಗುತ್ತದೆ. ನಿಜ ಹೇಳಬೇಕೆಂದರೆ, ಬ್ಲ್ಯಾಂಕರಿಗಿಂತ ಹೆಚ್ಚು ಉಪಕಾರವಾದದ್ದು ಕತ್ತಿ ಹಿಡಿದು ಬೇಲಿಯುದ್ದಕ್ಕೂ ಬಳ್ಳಿ ಸವರಿದ್ದರಿಂದ.

ಫಿಲ್ಟರ್ ಅಗಲ ಬದಲಿಸಬಹುದಾದ ಈ ರಿಗ್ ಬರುವ ಮೊದಲು ನನ್ನ ಬಳಿ ಇದ್ದದ್ದು ಹೈದರಾಬಾದಿನ ಅಶ್‌ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ನಮೂನೆಯ, ಕೈಯಲ್ಲೇ ಬೆಸುಗೆ ಹಾಕಿದ ಸೆಟ್. 10 ಮೆಗಾಹರ್ಟ್ಸ್‌ನ ಅಗ್ಗದ ಹರಳುಗಳನ್ನು ಸಾಲಾಗಿ ಜೋಡಿಸಿದ ಫಿಲ್ಟರ್. ಮಾತಿಗೆ ಒಪ್ಪುವ ಒಂದೇ ಅಗಲ. ಅದರಲ್ಲಿ ಮೋರ್ಸ್ ಕೇಳಲು ಕೂತರೆ ನಾಲ್ಕೈದು ಮಂದಿ ಒಟ್ಟಿಗೆ ಕೀ ಒತ್ತುತ್ತಿದ್ದರು. ಬೇಕಾದವನ ಸ್ವರವೊಂದನ್ನೇ ಹಿಡಿಯುವುದು ಕಿವಿಗೆ ರೂಢಿಯಾದದ್ದು ಆಗಲೇ. ದುಬಾರಿ ರಿಗ್ ಬಂದ ಮೇಲೆ ಆ ರೂಢಿ ಸ್ವಲ್ಪ ಜಡ್ಡುಗಟ್ಟಿದೆ.

ಎಸ್‌ಎಸ್‌ಬಿ ಮಾತಿಗೆ 2.4 ಕಿಲೋಹರ್ಟ್ಸ್ ಹಿತ. ಪಕ್ಕದವರು ಮೈಮೇಲೆ ಬಂದರೆ 1.8ರವರೆಗೆ ಇಳಿಯುತ್ತೇನೆ. ಆಗ ‘ಎಸ್’, ‘ಎಫ್’ ಎರಡೂ ಒಂದೇ ಥರ ಕೇಳುತ್ತವೆ. ಸಿಯೆರಾ, ಫಾಕ್ಸ್‌ಟ್ರಾಟ್ ಎಂದು ಬಿಡಿಸಿ ಹೇಳಿಸಿಕೊಳ್ಳದೆ ವಿಧಿಯಿಲ್ಲ.

ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಿ ಮತ್ತೆ ಎಡವಿದೆ. ಒಂದೊಂದು ಸಂಕೇತ ಬರೀ 50 ಹರ್ಟ್ಸ್ ಅಗಲ ಎಂದು ಓದಿ, ಹಳೆಯ ಚಾಳಿಯಂತೆ ಫಿಲ್ಟರನ್ನು ಕಿರಿದು ಮಾಡಿದೆ. ಪರದೆ ಖಾಲಿ. ಹತ್ತಾರು ಮಂದಿ ಸುಮಾರು 3 ಕಿಲೋಹರ್ಟ್ಸ್‌ನೊಳಗೆ ಸಾಲಾಗಿ ಕೂತಿರುತ್ತಾರೆ, ಬಿಡಿಸುವ ಕೆಲಸ ಕಂಪ್ಯೂಟರಿನದು. ರಿಸೀವರ್ ಬಾಗಿಲು ಪೂರ್ತಿ ತೆರೆದಿಡಬೇಕು. ಹತ್ತಿರದ ಪ್ರಬಲ ಸ್ಟೇಷನ್ನೊಂದು ಗೇನ್ ತಾನಾಗಿ ತಗ್ಗಿಸುವ ಎಜಿಸಿಯನ್ನು ಕೆರಳಿಸಿ ಉಳಿದವರ ಬಾಯಿ ಮುಚ್ಚಿಸಿದಾಗ ಮಾತ್ರ ಕಿರಿದು ಮಾಡುತ್ತೇನೆ.

ಏಪ್ರಿಲ್ ಹೊತ್ತಿಗೆ, ಕಾಫಿಯ ಹೂಮಳೆಯ ಜತೆ ಗುಡುಗು ಬರುತ್ತದೆ. ಆಗ ಫಿಲ್ಟರ್ ಗುಂಡಿ ಮುಟ್ಟುವುದೇ ಇಲ್ಲ. ಆಂಟೆನಾ ಕೇಬಲ್ ಕಿತ್ತು ಕಿಟಕಿಯಾಚೆ ಹಾಕಿ, ಒಳಗೆ ಹೋಗಿ ಕಾಫಿ ಕಾಯಿಸಿಕೊಳ್ಳುತ್ತೇನೆ.